ಪ್ರಾಥಮಿಕ ತರಗತಿಗೆ ಕೋಡಿಂಗ್: ಯಾವ ಸಾಧನ ಯಾವ ಶಾಲೆಗೆ?

ಕೋಡಿಂಗ್ ಕಲಿಸುವ ಸಾಮಾನಿಗೆ ಈಗ ಬರವಿಲ್ಲ. ಶಾಲೆಗೆ ಬರುವ ಕ್ಯಾಟಲಾಗ್ ತೆರೆದರೆ ರೋಬೋಟ್ ಇದೆ, ಕಿಟ್ ಇದೆ, ಆ್ಯಪ್ ಇದೆ, ವರ್ಷಕ್ಕಿಷ್ಟು ಅಂತ ಚಂದಾ ಕಟ್ಟುವ ಕೋರ್ಸೂ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೋಡಿಂಗ್ ಚಟುವಟಿಕೆಯ ಮಾತಾಡುವುದು 6ನೇ ತರಗತಿಯಿಂದ ಮೇಲಿನ ಹಂತಕ್ಕೆ. ಒತ್ತಡ ಮಾತ್ರ 1ನೇ ತರಗತಿವರೆಗೂ ಇಳಿದಿದೆ. ಪೋಷಕರು ಕೇಳುತ್ತಾರೆ. ಆಡಳಿತ ಮಂಡಳಿ ಕೇಳುತ್ತದೆ. ಪಕ್ಕದ ಶಾಲೆಯ ಬೋರ್ಡಿನ ಮೇಲೆ ಆಗಲೇ 'ರೋಬೋಟಿಕ್ಸ್ ಲ್ಯಾಬ್' ಅಂತ ಬರೆದಾಗಿದೆ. ಕೊನೆಗೆ ಇದನ್ನೆಲ್ಲ ಒಬ್ಬ ಟೀಚರ್ ತಲೆಗೆ ಕಟ್ಟುತ್ತಾರೆ: "ನೀವೇ ನೋಡಿ, ಯಾವುದಾದರೂ ಒಂದು ತರಿಸೋಣ."

ಆ ಟೀಚರ್‌ಗಾಗಿ ಈ ಹೋಲಿಕೆ. 1ರಿಂದ 5ನೇ ತರಗತಿ ನನ್ನ ಮನಸ್ಸಿನಲ್ಲಿದೆ. 6, 7ರ ಮಕ್ಕಳಿಗೂ ಸ್ವಲ್ಪ ಮಟ್ಟಿಗೆ ಹೊಂದುತ್ತದೆ.

ಮೊದಲು ಸರದಿ ಎಣಿಸಿ

ಕ್ಯಾಟಲಾಗ್‌ನಲ್ಲಿ ಪ್ರತಿ ಸಾಮಾನಿನ ಕೆಳಗೂ ಉದ್ದದ ಪಟ್ಟಿ ಇರುತ್ತದೆ: ಇಷ್ಟು ಸೆನ್ಸರ್, ಇಷ್ಟು ಪಾಠ, ಇಷ್ಟು ಬಣ್ಣ. ಅದನ್ನು ಪಕ್ಕಕ್ಕಿಡಿ. ಮಗು ಕೋಡಿಂಗ್ ಕಲಿಯುವುದು ಹೀಗೆ: ಸೂಚನೆ ಬರೆಯುತ್ತದೆ, ಓಡಿಸಿ ನೋಡುತ್ತದೆ, ತಪ್ಪಾಗುತ್ತದೆ, ಎಲ್ಲಿ ತಪ್ಪಾಯ್ತು ಅಂತ ಹುಡುಕಿ ತಿದ್ದುತ್ತದೆ. ಇದು ಒಂದು ಸುತ್ತು. ಇದನ್ನು ಒಂದು ಸರದಿ ಅನ್ನೋಣ. ಒಂದು ಪೀರಿಯಡ್‌ನಲ್ಲಿ ಒಂದು ಮಗುವಿಗೆ ಇಂಥ ಸರದಿ ಎಷ್ಟು ಸಿಗುತ್ತದೆ ಅನ್ನುವುದೇ ನನ್ನ ಮುಖ್ಯ ಅಳತೆ.

ಲೆಕ್ಕ ಹಾಕಿ. ತರಗತಿಯಲ್ಲಿ 36 ಮಕ್ಕಳು. 40 ನಿಮಿಷದ ಪೀರಿಯಡ್. ಕೂರಿಸಿ, ಹೇಳಿ, ಕೊನೆಗೆ ಸಾಮಾನು ಎತ್ತಿಡಲು 10 ನಿಮಿಷ ಹೋಯ್ತು. ಉಳಿದದ್ದು 30. ರೋಬೋಟ್ ಒಂದೇ ಇದ್ದು ಒಂದು ಸರದಿಗೆ 3 ನಿಮಿಷ ಹಿಡಿದರೆ 10 ಮಕ್ಕಳಿಗೆ ಅವಕಾಶ. ಉಳಿದ 26 ಮಕ್ಕಳು ಕತ್ತು ಉದ್ದ ಮಾಡಿ ನೋಡುತ್ತಾರೆ, ಆಮೇಲೆ ಗಲಾಟೆ ಮಾಡುತ್ತಾರೆ. ಅದೇ ತರಗತಿಗೆ ನೆಲದ ಮೇಲೆ ಸೀಮೆಸುಣ್ಣದಲ್ಲಿ 9 ಚೌಕ ಎಳೆದು ನಾಲ್ಕು ನಾಲ್ಕು ಮಕ್ಕಳನ್ನು ಬಿಟ್ಟರೆ ಪ್ರತಿ ಗುಂಪಿಗೆ 10 ಸರದಿ, ಪ್ರತಿ ಮಗುವಿಗೆ 2 ಅಥವಾ 3. ಒಂದು ಕಂಪ್ಯೂಟರ್‌ಗೆ ಇಬ್ಬರಂತೆ ಕೂರಿಸಲು ಸಾಧ್ಯವಾದರೆ, ಬ್ಲಾಕ್ (ಪರದೆಯ ಮೇಲೆ ಎಳೆದು ಕೂಡಿಸುವ ಸೂಚನೆಯ ತುಂಡು) ಜೋಡಿಸಿ ಓಡಿಸಲು ಹೆಚ್ಚೆಂದರೆ ಒಂದು ನಿಮಿಷ ಸಾಕು. ಮಗುವಿಗೆ 15 ಸರದಿ ಬೀಳುತ್ತದೆ. ಕಂಪ್ಯೂಟರ್ ಆರೇ ಇದ್ದರೆ ಒಂದಕ್ಕೆ ಆರು ಮಕ್ಕಳು, ಅದೂ 5ಕ್ಕೆ ಇಳಿಯುತ್ತದೆ.

ಬೆಲೆಯ ಚೀಟಿ ನೋಡುವ ಮೊದಲು ಈ ಲೆಕ್ಕ ಮಾಡಿಕೊಂಡರೆ ಅರ್ಧ ಕ್ಯಾಟಲಾಗ್ ತಾನಾಗಿಯೇ ಮುಚ್ಚುತ್ತದೆ. ಇದರ ಜೊತೆ ಇನ್ನೆರಡು ಪ್ರಶ್ನೆ ಇಟ್ಟುಕೊಳ್ಳಿ. ಕರೆಂಟ್ ಅಥವಾ ನೆಟ್ ಹೋದರೆ ಪಾಠ ನಿಲ್ಲುತ್ತದಾ? ಇದನ್ನು ಬಳಸಲು ಮಗುವಿಗೆ ಎಷ್ಟು ಓದಲು ಬರಬೇಕು, ಯಾವ ಭಾಷೆಯಲ್ಲಿ?

ಕಂಪ್ಯೂಟರ್ ಇಲ್ಲದ ಪಾಠ

'ಅನ್‌ಪ್ಲಗ್ಡ್' ಅಂತ ಇದಕ್ಕೆ ಹೆಸರು. ನ್ಯೂಜಿಲೆಂಡಿನ ಕ್ಯಾಂಟರ್ಬರಿ ವಿಶ್ವವಿದ್ಯಾಲಯದ ಟಿಮ್ ಬೆಲ್ ಮತ್ತು ಅವರ ಜೊತೆಗಾರರು 1990ರ ದಶಕದಲ್ಲಿ ಕಾರ್ಡು, ಹಗ್ಗ, ಸೀಮೆಸುಣ್ಣ ಇಟ್ಟುಕೊಂಡು ಕಂಪ್ಯೂಟರ್ ವಿಜ್ಞಾನದ ವಿಚಾರಗಳನ್ನು ಮಕ್ಕಳಿಗೆ ಆಟವಾಗಿಸಿದರು. ಸಾಮಗ್ರಿ ಉಚಿತ. ಬಹಳ ಶಾಲೆಗಳು ಇದನ್ನು 'ಕಂಪ್ಯೂಟರ್ ಬರುವ ತನಕ' ಮಾಡುವ ಕೆಲಸ ಅಂದುಕೊಂಡಿವೆ. ನನ್ನ ಪ್ರಕಾರ 1ರಿಂದ 3ನೇ ತರಗತಿಗೆ, ಲ್ಯಾಬ್ ಇದ್ದರೂ, ಇದೇ ಮೊದಲ ಆಯ್ಕೆ.

ಜಗುಲಿಯ ಮೇಲೆ 5 ಸಾಲು, 5 ಕಂಬದ ಚೌಕ ಎಳೆಯಿರಿ. ಕುಂಟೆಬಿಲ್ಲೆ ಆಡಿದ ಮಕ್ಕಳಿಗೆ ಅದನ್ನು ವಿವರಿಸುವ ಅಗತ್ಯವೇ ಬೀಳುವುದಿಲ್ಲ. ಒಂದು ಮಗು ರೋಬೋಟ್. ಒಂದು ಮೂಲೆಯಲ್ಲಿ ಚೆಂಡು. ಉಳಿದವರು 'ಮುಂದೆ', 'ಬಲಕ್ಕೆ ತಿರುಗು', 'ಎಡಕ್ಕೆ ತಿರುಗು' ಅನ್ನುವ ರಟ್ಟಿನ ಕಾರ್ಡ್ ಸಾಲಾಗಿ ಜೋಡಿಸಬೇಕು. ಎಲ್ಲ ಜೋಡಿಸಿದ ಮೇಲೆಯೇ ರೋಬೋಟ್ ನಡೆಯುವುದು. ಮಧ್ಯದಲ್ಲಿ ಬಾಯಿ ಹಾಕುವಂತಿಲ್ಲ.

ಸಾಮಾನ್ಯವಾಗಿ ಮೊದಲ ಎಡವಟ್ಟು 'ಬಲಕ್ಕೆ ತಿರುಗು' ಕಾರ್ಡಿನಲ್ಲಿ. ರೋಬೋಟ್ ಆದ ಮಗು ನಿಂತಲ್ಲೇ ತಿರುಗುವುದಿಲ್ಲ. ಬಲಗಡೆಯ ಚೌಕಕ್ಕೆ ಹೆಜ್ಜೆ ಇಟ್ಟುಬಿಡುತ್ತದೆ. ಎರಡನೆಯದು, ಕಾರ್ಡ್ ಜೋಡಿಸುವವರು ಎದುರು ಕೂತಿರುತ್ತಾರೆ, ತಮ್ಮ ಬಲವನ್ನೇ ರೋಬೋಟಿನ ಬಲ ಅಂದುಕೊಳ್ಳುತ್ತಾರೆ. ರೋಬೋಟ್ ಚೆಂಡಿಗೆ ಬೆನ್ನು ಹಾಕಿ ನಡೆಯುತ್ತದೆ, ಎಲ್ಲರೂ ನಗುತ್ತಾರೆ. ಆಗ ಟೀಚರ್ ಸುಮ್ನೆ ನಿಲ್ಲಬೇಕು, ಅಷ್ಟೇ. ಯಾರಾದರೂ ಒಬ್ಬರು ಎದ್ದು ರೋಬೋಟಿನ ಬೆನ್ನ ಹಿಂದೆ ಹೋಗಿ ನಿಂತು ನೋಡುತ್ತಾರೆ. ಆ ಕ್ಷಣಕ್ಕೆ ಆ ಮಗು ದೋಷ ಹುಡುಕುವುದನ್ನು ಕಲಿಯಿತು. ಮುಂದೆ ಪರದೆಯ ಮೇಲೂ ಇದೇ ತಪ್ಪು ಬರುತ್ತದೆ, ಇದೇ ಉಪಾಯ ನೆನಪಾಗುತ್ತದೆ.

ಇನ್ನೊಂದು, ಚುಕ್ಕಿ ರಂಗೋಲಿ. '7ರಿಂದ 4, ಸಂದು ಚುಕ್ಕಿ' ಅಂದರೆ ಮಧ್ಯದ ಸಾಲಿಗೆ 7 ಚುಕ್ಕಿ, ಮೇಲೆ ಕೆಳಗೆ 6, 5, 4. ಮೂರು ಮಾತಿನ ಸೂಚನೆಯಲ್ಲಿ 37 ಚುಕ್ಕಿ ಇಡಿಸಿದ ಹಾಗಾಯಿತು. 'ಪ್ರತಿ ಸಲ ಒಂದು ಕಡಿಮೆ ಮಾಡು, 4 ಬಂದಾಗ ನಿಲ್ಲು' ಅನ್ನುವುದನ್ನು ಮಕ್ಕಳ ಬಾಯಲ್ಲೇ ಹೇಳಿಸಿ. ಲೂಪ್ ಅಂದರೆ ಅದೇ. ಆಮೇಲೆ ಇಬ್ಬರನ್ನು ಬೆನ್ನಿಗೆ ಬೆನ್ನು ಕೂರಿಸಿ, ಒಬ್ಬರು ಬರೀ ಮಾತಿನಲ್ಲಿ ಹೇಳುತ್ತಾ ಇನ್ನೊಬ್ಬರಿಂದ ಎಳೆ ಎಳೆಸಲಿ. ಹುಡುಗರು 'ಇದು ನಮಗಲ್ಲ' ಅಂತ ಜಾರಿಕೊಳ್ಳಲು ನೋಡುತ್ತಾರೆ, ಬಿಡಬೇಡಿ.

4–5ನೇ ತರಗತಿಗೆ ಬಂದರೆ 16, 8, 4, 2, 1 ಚುಕ್ಕಿಗಳ ಐದು ಕಾರ್ಡು ಸಾಕು. ಕೆಲವನ್ನು ತೆರೆದಿಟ್ಟು, ಕೆಲವನ್ನು ಮುಚ್ಚಿ 0ಯಿಂದ 31ರವರೆಗೆ ಯಾವ ಸಂಖ್ಯೆಯನ್ನಾದರೂ ತೋರಿಸಬಹುದು. ದ್ವಿಮಾನ ಪದ್ಧತಿ ಅನ್ನುವ ಭಾರದ ಹೆಸರು ಹೇಳುವ ಅಗತ್ಯವೇ ಇಲ್ಲ. ಒಗಟು ಬೇಕಿದ್ದವರಿಗೆ ಬೀಬ್ರಾಸ್ ಇದೆ. 2004ರಲ್ಲಿ ಲಿಥುವೇನಿಯಾದಲ್ಲಿ ಶುರುವಾದ ಸ್ಪರ್ಧೆ ಇದು. ಭಾರತದಲ್ಲಿ ಕಂಪ್ಯೂಟರ್ ತಜ್ಞರ ಸಂಘವಾದ ಎಸಿಎಂ ಇಂಡಿಯಾದ ಸಿಎಸ್‌ಪಾಠಶಾಲಾ ನಡೆಸುತ್ತದೆ. ಕೋಡ್ ಬರೆಯಲು ಬರಬೇಕಿಲ್ಲ, ತರ್ಕ ಬಂದರೆ ಸಾಕು. ಹಳೆಯ ಪ್ರಶ್ನೆಗಳನ್ನು ಕಪ್ಪುಹಲಗೆಯ ಮೇಲೇ ಬರೆದು ಆಡಿಸಬಹುದು.

ಅನ್‌ಪ್ಲಗ್ಡ್‌ನ ಕೊರತೆಯನ್ನೂ ಹೇಳಬೇಕು. ರೋಬೋಟ್ ಆದ ಮಗು ದಯೆ ತೋರಿಸುತ್ತದೆ. ಕಾರ್ಡಿನಲ್ಲಿ ತಪ್ಪಿದ್ದರೂ ಗೆಳೆಯ ಬೈಸಿಕೊಳ್ಳದಿರಲಿ ಅಂತ ಸರಿಯಾದ ಚೌಕಕ್ಕೇ ಹೋಗಿ ನಿಲ್ಲುತ್ತದೆ. ಯಂತ್ರಕ್ಕೆ ಆ ದಾಕ್ಷಿಣ್ಯ ಇಲ್ಲ. 3ನೇ ತರಗತಿ ದಾಟಿದ ಮೇಲೆ ಯಂತ್ರ ಬೇಕು ಅನ್ನಿಸುವುದು ಇದೇ ಕಾರಣಕ್ಕೆ.

ನೆಲದ ಮೇಲೆ ಓಡುವ ರೋಬೋಟ್

ಬ್ರಿಟನ್ನಿನ ಬೀ-ಬಾಟ್ ಇವುಗಳಲ್ಲಿ ಹೆಸರಾದದ್ದು. ಜೇನುಹುಳದ ಆಕಾರ, ಬೆನ್ನ ಮೇಲೆ ಬಾಣದ ಗುಂಡಿ. ಒಂದು ಸಲ ಒತ್ತಿದರೆ 15 ಸೆಂಟಿಮೀಟರ್ ಮುಂದೆ, ತಿರುಗುವುದಾದರೆ ಸರಿಯಾಗಿ 90 ಡಿಗ್ರಿ. ಓದಲು ಬರದ ಮಗುವೂ ಬಳಸಬಹುದು. ಹಿಂದಿನ ಸೂಚನೆ ಅಳಿಸುವ ಗುಂಡಿ ಬೇರೆ ಇದೆ. ಮಕ್ಕಳು ಅದನ್ನು ಒತ್ತಲು ಮರೆಯುತ್ತಾರೆ. ಹುಳ ಹಳೆಯದ್ದನ್ನೂ ಹೊಸದ್ದನ್ನೂ ಸೇರಿಸಿ ಓಡಿ ಗೋಡೆಗೆ ಹೊಡೆಯುತ್ತದೆ. ಯಂತ್ರಕ್ಕೆ ಹಿಂದಿನದ್ದು ನೆನಪಿರುತ್ತದೆ ಅಂತ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ಇಲ್ಲ ಬಿಡಿ.

ಆದರೆ ಹೊರಗಿನಿಂದ ತರಿಸಬೇಕು, ದುಬಾರಿ. ಒಂದು ಎರಡು ತಂದರೆ ಸರದಿಯ ಲೆಕ್ಕ ಕೈಕೊಡುತ್ತದೆ. ಐದಾರು ಮಕ್ಕಳಿಗೆ ಒಂದರಂತೆ ಇಡಲು ಸಾಧ್ಯವಾದರೆ, ಅಥವಾ ನಲಿ-ಕಲಿ ತರಗತಿಯಲ್ಲಿ ಒಂದು ಗುಂಪಿಗೆ ಇದು, ಉಳಿದ ಗುಂಪುಗಳಿಗೆ ಬೇರೆ ಕೆಲಸ ಅಂತ ಹಂಚಲು ಬಂದರೆ ಸರಿ. ಇಲ್ಲದಿದ್ದರೆ ಸೀಮೆಸುಣ್ಣ ಗೆಲ್ಲುತ್ತದೆ.

ಟ್ಯಾಬ್ ಮತ್ತು ಫೋನ್

ಟ್ಯಾಬ್ ಇರುವ ಶಾಲೆಯ 1, 2, 3ನೇ ತರಗತಿಗೆ ಸ್ಕ್ರ್ಯಾಚ್ ಜೂನಿಯರ್ ಅನ್ನುವ ಆ್ಯಪ್ ಬಿಟ್ಟು ಬೇರೇನೂ ಹುಡುಕಬೇಡಿ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯ, ಎಂಐಟಿ ಮೀಡಿಯಾ ಲ್ಯಾಬ್ ಮತ್ತು ಪ್ಲೇಫುಲ್ ಇನ್ವೆನ್ಷನ್ ಕಂಪನಿ ಸೇರಿ 2014ರಲ್ಲಿ ತಂದದ್ದು. 5ರಿಂದ 7 ವರ್ಷದವರಿಗೆ ಅಂತಲೇ ಮಾಡಿದ್ದು. ಉಚಿತ. ಒಮ್ಮೆ ಹಾಕಿಕೊಂಡರೆ ನೆಟ್ ಬೇಡ, ಖಾತೆ ಬೇಡ. ಬ್ಲಾಕ್ ಮೇಲೆ ಅಕ್ಷರವೇ ಇಲ್ಲ, ಬರೀ ಚಿತ್ರ. ಕನ್ನಡ ಮಾಧ್ಯಮದ ಮಗುವಿಗೂ ಇಂಗ್ಲಿಷ್ ಮಾಧ್ಯಮದ ಮಗುವಿಗೂ ಒಂದೇ ನೆಲ.

ಇದರಲ್ಲಿ ಒಂದು ಜಾಣ ತೀರ್ಮಾನ ಇದೆ. ಬಾಣಗಳು ಪಾತ್ರವನ್ನು ಪರದೆಯ ಎಡಕ್ಕೆ, ಬಲಕ್ಕೆ, ಮೇಲಕ್ಕೆ, ಕೆಳಕ್ಕೆ ಸರಿಸುತ್ತವೆ. ಪಾತ್ರ ಯಾವ ಕಡೆ ಮುಖ ಮಾಡಿದೆ ಅನ್ನುವ ತಲೆಬಿಸಿ ಇಲ್ಲ. ಜಗುಲಿಯ ಮೇಲೆ ಕಾಡಿದ 'ನಿನ್ನ ಬಲವಾ, ನನ್ನ ಬಲವಾ' ಇಲ್ಲಿ ಬರುವುದಿಲ್ಲ. ಪೂರ್ತಿ ಒಂದು ಸುತ್ತು ತಿರುಗಿಸಲು 12 ಅಂತ ಕೊಡಬೇಕು, ಗಡಿಯಾರದ ಮುಳ್ಳು ನೆನಪಿಸಿದರೆ ಮಕ್ಕಳಿಗೆ ಥಟ್ಟನೆ ಹೊಳೆಯುತ್ತದೆ. ದನಿ ಮುದ್ರಿಸುವ ಬ್ಲಾಕ್ ಇದೆ. ಹಾಗಾಗಿ ಪಾತ್ರವಾದ ಬೆಕ್ಕು ಕನ್ನಡದಲ್ಲೇ ಮಾತಾಡುತ್ತದೆ, ಬೇಕಿದ್ದರೆ ಹುಬ್ಬಳ್ಳಿಯ ಕನ್ನಡ, ಬೇಕಿದ್ದರೆ ಕುಂದಾಪುರದ್ದು. ಇಡೀ ತರಗತಿ ಒಟ್ಟಿಗೆ ಮುದ್ರಿಸಲು ಶುರು ಮಾಡಿದರೆ ಕಿವಿ ಕಿತ್ತುಹೋಗುತ್ತದೆ. ಜೋಡಿ ಜೋಡಿಯಾಗಿ ಹೊರಗೆ ಕಳಿಸಿ. ಒಂದು ಪ್ರಾಜೆಕ್ಟ್‌ಗೆ ನಾಲ್ಕೇ ಪುಟ ಇರುವುದು. ಅದೂ ಒಳ್ಳೆಯದೇ, ಕಥೆ ಮುಗಿಯುತ್ತದೆ.

ಟ್ಯಾಬ್ ಇಲ್ಲ, ಟೀಚರ್‌ಗಳ ಹಳೆಯ ಫೋನ್ ಮಾತ್ರ ಇದೆ ಅನ್ನುವವರಿಗೆ ಆಕ್ಟೋಸ್ಟುಡಿಯೋ. ಸ್ಕ್ರ್ಯಾಚ್ ಮಾಡಿದ ಎಂಐಟಿಯ ಗುಂಪೇ 2023ರಲ್ಲಿ ಬಿಡುಗಡೆ ಮಾಡಿತು. ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ಉಚಿತ, ನೆಟ್ ಇಲ್ಲದೆಯೂ ನಡೆಯುತ್ತದೆ. ಅಂಗಳದ ದಾಸವಾಳದ ಫೋಟೋ ತೆಗೆದು ಅದನ್ನೇ ಪಾತ್ರ ಮಾಡಬಹುದು. ಫೋನ್ ಓರೆ ಮಾಡಿದರೆ ಅದು ಉರುಳುವಂತೆ, ಅಲ್ಲಾಡಿಸಿದರೆ ಸದ್ದು ಮಾಡುವಂತೆ ಬ್ಲಾಕ್ ಜೋಡಿಸಬಹುದು. ಚಿಕ್ಕ ಪರದೆ, ಇಬ್ಬರಿಗಿಂತ ಜಾಸ್ತಿ ಮಕ್ಕಳು ಕೂರಲು ಆಗದು. ಫೋನ್ ಮನೆಯವರದ್ದಾದರೆ ನಡುವೆ ಕರೆ ಬರುತ್ತದೆ, ಮೆಸೇಜ್ ಬರುತ್ತದೆ. ಫ್ಲೈಟ್ ಮೋಡ್‌ಗೆ ಹಾಕಿಯೇ ಮಕ್ಕಳ ಕೈಗೆ ಕೊಡಿ.

ಕಂಪ್ಯೂಟರ್ ಇದ್ದರೆ: ಸ್ಕ್ರ್ಯಾಚ್, ಇಲ್ಲವೇ ಲೆವೆಲ್ ದಾಟುವ ಆಟ

4ನೇ ತರಗತಿಯಿಂದ ನಿಜವಾದ ಪ್ರಶ್ನೆ ಇದು. ಒಂದು ಕಡೆ ಸ್ಕ್ರ್ಯಾಚ್. ಇನ್ನೊಂದು ಕಡೆ ಕೋಡ್ ಡಾಟ್ ಆರ್ಗ್, ಬ್ಲಾಕ್ಲಿ ಗೇಮ್ಸ್ ಥರದ ಒಗಟಿನ ತಾಣಗಳು. ಎರಡರಲ್ಲೂ ಬಣ್ಣದ ಬ್ಲಾಕ್ ಎಳೆದು ಜೋಡಿಸುವುದೇ ಕೆಲಸ. ಆದರೆ ತರಗತಿಯಲ್ಲಿ ಇವೆರಡರ ಗಾಳಿಯೇ ಬೇರೆ.

ಒಗಟಿನ ತಾಣದಲ್ಲಿ ಲೆವೆಲ್ ಇರುತ್ತದೆ. ಹಕ್ಕಿಯನ್ನು ಗೂಡಿಗೆ ಮುಟ್ಟಿಸು, ಆಮೇಲೆ ಮುಂದಿನದು. ಕೋಡಿಂಗ್ ಸ್ವತಃ ಹೊಸದಾಗಿ ಕಲಿಯುತ್ತಿರುವ ಟೀಚರ್‌ಗೆ ಇದು ದೊಡ್ಡ ಆಸರೆ. ಪಾಠದ ಕ್ರಮ ಸಿದ್ಧವಾಗಿರುತ್ತದೆ, ಯಾವ ಮಗು ಎಲ್ಲಿದೆ ಅಂತ ಕೋಡ್ ಡಾಟ್ ಆರ್ಗ್ ಪಟ್ಟಿಯನ್ನೂ ತೋರಿಸುತ್ತದೆ. ಕೋಡ್ ಡಾಟ್ ಆರ್ಗ್‌ಗೆ ನೆಟ್ ಚೆನ್ನಾಗಿರಬೇಕು. ಬ್ಲಾಕ್ಲಿ ಗೇಮ್ಸ್ ಅನ್ನು ಒಮ್ಮೆ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ಎಲ್ಲ ಕಂಪ್ಯೂಟರ್‌ಗೂ ಹಾಕಬಹುದು. ಅದರ ದಾರಿ ಹುಡುಕುವ 'ಮೇಜ್' ಆಟದಲ್ಲಿ 10 ಲೆವೆಲ್ ಇವೆ. ತೊಂದರೆ ಏನೆಂದರೆ, ಸ್ವಲ್ಪ ಹೊತ್ತಿನಲ್ಲೇ "ನಂದು ಎಂಟನೇ ಲೆವೆಲ್, ನಿಂದು?" ಶುರುವಾಗುತ್ತದೆ. ಪಕ್ಕದವರದ್ದು ನೋಡಿ ಬ್ಲಾಕ್ ಎಳೆದು ಮುಂದೆ ಓಡುತ್ತಾರೆ. ಲೆವೆಲ್ ದಾಟಿದ್ದು ನಿಜ, ಯಾಕೆ ದಾಟಿತು ಅಂತ ಕೇಳಿದರೆ ಉತ್ತರ ಇಲ್ಲ.

ಸ್ಕ್ರ್ಯಾಚ್ 2007ರಲ್ಲಿ ಎಂಐಟಿ ಮೀಡಿಯಾ ಲ್ಯಾಬ್‌ನಿಂದ ಬಂತು. 8 ವರ್ಷದಿಂದ ಮೇಲಿನವರಿಗೆ. ಇಲ್ಲಿ ಲೆವೆಲ್ ಇಲ್ಲ. ಖಾಲಿ ವೇದಿಕೆ, ಒಂದು ಬೆಕ್ಕು. ಏನು ಮಾಡಬೇಕು ಅಂತ ಮಗುವೇ ಹೇಳಬೇಕು. ಅದಕ್ಕೇ ಮೊದಲ ಪೀರಿಯಡ್ ಗೊಂದಲಮಯವಾಗಿರುತ್ತದೆ. ಟೀಚರ್ ಒಂದು ಚಿಕ್ಕ ಕೆಲಸ ಕೊಡಬೇಕು: ಬೆಕ್ಕು ಆ ಕಡೆಯಿಂದ ಈ ಕಡೆಗೆ ನಡೆದಾಡಲಿ.

ಮಕ್ಕಳು 'ಸದಾ ಮಾಡು' ಬ್ಲಾಕಿನೊಳಗೆ 'ಹತ್ತು ಹೆಜ್ಜೆ ನಡೆ', 'ಅಂಚು ಮುಟ್ಟಿದರೆ ಪುಟಿ' ಇಡುತ್ತಾರೆ. ಬೆಕ್ಕು ಬಲ ಅಂಚಿಗೆ ಹೋಗಿ ಹಿಂದಿರುಗುತ್ತದೆ. ಬರುವಾಗ ತಲೆಕೆಳಗು! ಕಾಲು ಮೇಲೆ, ತಲೆ ಕೆಳಗೆ, ಹಾಗೇ ನಡೆಯುತ್ತಾ ಬರುತ್ತದೆ. ಲ್ಯಾಬ್ ತುಂಬ ನಗು. ಯಾಕೆ ಹೀಗಾಯ್ತು? ಬೆಕ್ಕು ಎಡಕ್ಕೆ ಮುಖ ಮಾಡಲು ಪೂರ್ತಿ ಅರ್ಧ ಸುತ್ತು ತಿರುಗಿತು, ಅದಕ್ಕೆ ಬೆನ್ನು ಕೆಳಗಾಯ್ತು. ತಿರುಗುವ ಶೈಲಿಯನ್ನು 'ಎಡ-ಬಲ ಮಾತ್ರ' ಅಂತ ಬದಲಿಸುವ ಬ್ಲಾಕ್ ಇದೆ. ಅದನ್ನು ನೀವು ತೋರಿಸಬೇಡಿ. ನೀಲಿ ಬ್ಲಾಕ್‌ಗಳಲ್ಲಿ ಎಲ್ಲೋ ಇದೆ ಅಂತ ಹೇಳಿ ಬಿಡಿ. ಒಂದು ಜೋಡಿ ಹುಡುಕಿದರೆ ಸಾಕು, ಐದು ನಿಮಿಷದಲ್ಲಿ ಎಲ್ಲ ಪರದೆಗೂ ಹಬ್ಬುತ್ತದೆ.

5ನೇ ತರಗತಿಗೆ ಪೆನ್ ಬ್ಲಾಕ್‌ಗಳನ್ನು ಸೇರಿಸಿಕೊಂಡು ಚಿತ್ರ ಬಿಡಿಸಿ. ನಾಲ್ಕು ಸಲ '100 ಹೆಜ್ಜೆ ನಡೆ, 90 ಡಿಗ್ರಿ ತಿರುಗು', ಚೌಕ ಬಂತು. ಈಗ ತ್ರಿಕೋನ ಅನ್ನಿ. ಗಣಿತ ಪುಸ್ತಕ ನೋಡಿದ ಜಾಣರು 60 ಹಾಕುತ್ತಾರೆ. ಮೂರು ಸಲ ಓಡಿಸಿದರೆ ತ್ರಿಕೋನ ಮುಚ್ಚುವುದೇ ಇಲ್ಲ, ಷಟ್ಕೋನದ ಅರ್ಧ ಬರುತ್ತದೆ. ಮೂಲೆಯ ಒಳಗಿನ ಕೋನ 60 ಇರಬಹುದು, ನಡೆಯುವವರು ತಿರುಗಬೇಕಾದ್ದು 120. ನಂಬದವರನ್ನು ಅಂಗಳಕ್ಕೆ ಕರೆದೊಯ್ದು ತ್ರಿಕೋನದ ಗೆರೆಯ ಮೇಲೆ ನಡೆಸಿ. ಇದು ಹಳೆಯ ಉಪಾಯ. 1967ರಲ್ಲಿ ಸೀಮೋರ್ ಪೇಪರ್ಟ್, ಸಿಂಥಿಯಾ ಸಾಲಮನ್, ವಾಲಿ ಫ್ಯೂರ್ಜೈಗ್ ಮತ್ತಿತರರು ಮಾಡಿದ ಲೋಗೋ ಅನ್ನುವ ಕೋಡಿಂಗ್ ಭಾಷೆ ಮುಂದೆ ಹೀಗೇ ನಡೆದು ಗೆರೆ ಎಳೆಯುವ ಆಮೆಯನ್ನು ಮಕ್ಕಳ ಕೈಗೆ ಕೊಟ್ಟಿತು.

ಎಚ್ಚರಿಕೆ ಒಂದಿದೆ. ವೇದಿಕೆಯ ಮೇಲಿನ ಜಾಗ ಹೇಳುವ ಎಕ್ಸ್, ವೈ ಅಂಕಿ ಇರುವ ಬ್ಲಾಕ್‌ಗಳನ್ನು 6ನೇ ತರಗತಿಗೆ ಮುಂದೂಡಿ. ವೇದಿಕೆಯ ಮಧ್ಯ ಸೊನ್ನೆ, ಎಡಕ್ಕೆ ಹೋದರೆ ಋಣ ಸಂಖ್ಯೆ. ಗಣಿತದಲ್ಲಿ ಅದು ಇನ್ನೂ ಬಂದಿರುವುದಿಲ್ಲ, ಸುಮ್ನೆ ಹೆದರಿಸಿದಂತೆ ಆಗುತ್ತದೆ.

ಭಾಷೆಯ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಸ್ಕ್ರ್ಯಾಚ್‌ನಲ್ಲಿ ಬ್ಲಾಕ್‌ಗಳ ಭಾಷೆ ಬದಲಿಸುವ ಆಯ್ಕೆ ಇದೆ. ಆದರೂ ಇಂಗ್ಲಿಷ್ ಬ್ಲಾಕ್ ಇಟ್ಟುಕೊಂಡರೆ ನಷ್ಟವಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಮೂವ್, ಟರ್ನ್, ರಿಪೀಟ್, ವೇಟ್, ಸೇ, ಹೈಡ್, ಶೋ ಇಷ್ಟು ಗೊತ್ತಾದರೆ ಒಂದು ವರ್ಷದ ಕೆಲಸ ನಡೆಯುತ್ತದೆ. ಗೋಡೆಗೆ ಒಂದು ಚಾರ್ಟ್ ಅಂಟಿಸಿ, ಬ್ಲಾಕಿನ ಬಣ್ಣದಲ್ಲೇ ಕನ್ನಡದ ಅರ್ಥ ಬರೆಯಿರಿ. ಮುಖ್ಯವಾದ್ದು ಪಾತ್ರ ಏನು ಮಾತಾಡುತ್ತದೆ ಅನ್ನುವುದು. 'ಸೇ' ಬ್ಲಾಕಿನೊಳಗೆ ಕನ್ನಡ ಟೈಪ್ ಮಾಡಬಹುದು, ದನಿಯೂ ಮುದ್ರಿಸಬಹುದು.

ಇನ್ನು ಯಂತ್ರದ ವಿಷಯ. ನೆಟ್ ಇಲ್ಲದ ಶಾಲೆ ಸ್ಕ್ರ್ಯಾಚ್ ಆ್ಯಪ್ ಅನ್ನು ಇಳಿಸಿ ಹಾಕಿಕೊಳ್ಳಬೇಕು. ಅದಕ್ಕೆ ವಿಂಡೋಸ್ 10 ಅಥವಾ ಅದರ ಮೇಲಿನದು ಬೇಕು. ವಿಂಡೋಸ್ ಬದಲು ಉಚಿತವಾದ ಉಬುಂಟು ಹಾಕಿದ ಕಂಪ್ಯೂಟರ್ ಇದ್ದರೆ ಟರ್ಬೋವಾರ್ಪ್ ಅನ್ನುವ ಉಚಿತ ತಂತ್ರಾಂಶ ಅದೇ ಫೈಲುಗಳನ್ನು ತೆರೆಯುತ್ತದೆ. ಉಬುಂಟು ಅಂದರೆ ಹಿಂಜರಿಯುವ ಶಾಲೆಗಳಿಗೆ ಒಂದು ಮಾತು: ಕೇರಳದ ಸರ್ಕಾರಿ ಶಾಲೆಗಳು ಅಲ್ಲಿನ ಸರ್ಕಾರದ ಕೈಟ್ ಸಂಸ್ಥೆಯ ಮೂಲಕ ಉಚಿತ ತಂತ್ರಾಂಶದಲ್ಲೇ ಐಸಿಟಿ (ಕಂಪ್ಯೂಟರ್ ಪಾಠ) ಕಲಿಸುತ್ತಿವೆ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಿದ್ದಾರೆ. ಇಲ್ಲಿ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಕೂಡ ಸರ್ಕಾರಿ ಶಾಲೆಯ ಶಿಕ್ಷಕರ ಜೊತೆ ಇಂಥ ಕೆಲಸ ಮಾಡಿದೆ.

ಹಾಗಾದರೆ ಯಾವುದು? ಮೊದಲ ಕೆಲವು ವಾರ ಬ್ಲಾಕ್ಲಿ ಗೇಮ್ಸ್, ಆಮೇಲೆ ಸ್ಕ್ರ್ಯಾಚ್, ಮತ್ತೆ ಹಿಂದಿರುಗುವುದು ಬೇಡ. ಒಗಟು ಬಿಡಿಸುವ ಮಗು ಜಾಣ ಆಗಬಹುದು. ತನ್ನ ಬೆಕ್ಕನ್ನು ತಾನೇ ನಡೆಸಿದ ಮಗು ಮರುದಿನ ಲ್ಯಾಬ್ ಬಾಗಿಲ ಹತ್ತಿರ ಕಾಯುತ್ತಿರುತ್ತದೆ.

ಬೋರ್ಡು, ತಂತಿ, ಕಿಟ್ಟು

ಮೈಕ್ರೋಬಿಟ್ ಬಗ್ಗೆ ನನಗೆ ಒಲವಿದೆ, ಮುಚ್ಚಿಡುವುದಿಲ್ಲ. 2016ರಲ್ಲಿ ಬಿಬಿಸಿ ಬ್ರಿಟನ್ನಿನ 7ನೇ ವರ್ಷದ ತರಗತಿಯ ಮಕ್ಕಳಿಗೆ ಹಂಚಿದ ಅಂಗೈಗಿಂತ ಚಿಕ್ಕ ಬೋರ್ಡ್. 25 ಪುಟ್ಟ ದೀಪ, ಎರಡು ಗುಂಡಿ, ಅಲುಗಾಟ ಗುರುತಿಸುವ ಸೆನ್ಸರ್, ದಿಕ್ಸೂಚಿ. 2020ರ ಎರಡನೇ ಆವೃತ್ತಿಗೆ ಸ್ಪೀಕರ್, ಮೈಕ್ ಕೂಡ ಬಂತು. ಕಾಲಿಗೆ ಕಟ್ಟಿಕೊಂಡರೆ ಹೆಜ್ಜೆ ಎಣಿಸುವ ಯಂತ್ರ. ಬಿಸಿಲಿಗೆ ನೆರಳಿಗೆ ಇಟ್ಟು ಎಲ್ಲಿ ಬಿಸಿ ಜಾಸ್ತಿ ಅಂತ ನೋಡಿದರೆ ಪರಿಸರ ಅಧ್ಯಯನದ ಪಾಠ. ಕೋಡ್ ಬರೆಯುವ ಮೇಕ್‌ಕೋಡ್ ಪುಟದಲ್ಲೇ ಬೋರ್ಡಿನ ಚಿತ್ರ ಇದ್ದು ಅದರ ಮೇಲೆ ಮೊದಲು ಪರೀಕ್ಷಿಸಬಹುದು. ಹಾಗಾಗಿ ಬೋರ್ಡ್ ಕಡಿಮೆ ಇದ್ದರೂ ಸರದಿ ಕಡಿಮೆಯಾಗುವುದಿಲ್ಲ. ಕಿಟ್‌ಗಳ ನಡುವೆ ಇದನ್ನು ಮೇಲಿಡಲು ಮುಖ್ಯ ಕಾರಣ ಇದೇ. ಆ ದೀಪಗಳ ಮೇಲೆ ಕನ್ನಡ ಬರಹ ಓಡುವುದಿಲ್ಲ. ಆದರೆ ಚುಕ್ಕಿ ಚುಕ್ಕಿಯಾಗಿ ಚಿತ್ರ ಬಿಡಿಸಬಹುದು, ಸುತ್ತ ಒಂದು ವೃತ್ತ, ನಡುವೆ ಒಂದು ಚುಕ್ಕಿ ಇಟ್ಟು 'ಠ' ಮಾಡಿಬಿಡುತ್ತಾರೆ.

ಆದರೂ 5ನೇ ತರಗತಿಗಿಂತ ಮೊದಲು ಬೇಡ. ಒಂದು ಬೋರ್ಡ್‌ಗೇ ಸಾವಿರ ರೂಪಾಯಿ ದಾಟುತ್ತದೆ. ಬೋರ್ಡ್‌ಗಿಂತ ಬೇಗ ಹಾಳಾಗುವುದು ಯುಎಸ್‌ಬಿ ಕೇಬಲ್. ಕೆಲವು ಕೇಬಲ್ ಚಾರ್ಜ್ ಮಾತ್ರ ಮಾಡುತ್ತವೆ, ಕೋಡ್ ಹೋಗುವುದೇ ಇಲ್ಲ. ಅರ್ಧ ಪೀರಿಯಡ್ ಹೋದ ಮೇಲೆ ಅದು ಗೊತ್ತಾಗುತ್ತದೆ.

ಮೇಕಿ ಮೇಕಿ ಇನ್ನೊಂದು, 2012ರದ್ದು. ಬಾಳೆಹಣ್ಣಿಗೆ ಕ್ಲಿಪ್ ಹಾಕಿ ಮುಟ್ಟಿದರೆ ಕೀಬೋರ್ಡ್ ಒತ್ತಿದಂತಾಗುತ್ತದೆ. ಸ್ಕ್ರ್ಯಾಚ್ ಜೊತೆ ಸೇರಿಸಿದರೆ ತರಕಾರಿಯ ಹಾರ್ಮೋನಿಯಂ. ಶಾಲಾ ವಾರ್ಷಿಕೋತ್ಸವಕ್ಕೆ ಒಂದು ಸಾಕು.

ದೊಡ್ಡ ಕಂಪನಿಗಳ ಮುಚ್ಚಿದ ಕಿಟ್‌ಗಳ (ಅವರದೇ ಬಿಡಿಭಾಗ, ಅವರದೇ ಆ್ಯಪ್ ಬೇಕಾಗುವವು) ಬಗ್ಗೆ ಮಾತ್ರ ಹುಷಾರು. ಲೆಗೋ ತನ್ನ ಹೆಸರುವಾಸಿ ಮೈಂಡ್‌ಸ್ಟಾರ್ಮ್ಸ್ ರೋಬೋಟ್ ಕಿಟ್‌ಗಳ ಸಾಲನ್ನೇ 2022ರ ಕೊನೆಗೆ ನಿಲ್ಲಿಸಿತು. ಕಿಟ್ ಚೆನ್ನಾಗಿಯೇ ಇರುತ್ತದೆ, ಬಿಡಿಭಾಗ ಮತ್ತು ಆ್ಯಪ್ ಸಿಗುವುದಿಲ್ಲ. ಉಚಿತ ತಂತ್ರಾಂಶಕ್ಕೂ ಇಂಥ ಏಟು ಬೀಳುತ್ತದೆ ಅನ್ನಿ. ಬ್ರೌಸರಿನಲ್ಲಿ ಆಟ, ಚಿತ್ರ ಓಡಿಸುತ್ತಿದ್ದ ಫ್ಲ್ಯಾಶ್ 2020ರ ಕೊನೆಗೆ ನಿಂತಾಗ ಅದರ ಮೇಲೆ ನಿಂತಿದ್ದ ಹಳೆಯ ಸ್ಕ್ರ್ಯಾಚ್ ಕೂಡ ಮೂಲೆಗೆ ಹೋಯಿತು. ಆದರೆ ಹೊಸ ಆವೃತ್ತಿ ಆಗಲೇ ಬಂದಿತ್ತು, ಹಳೆಯ ಫೈಲುಗಳನ್ನೂ ತೆರೆಯುತ್ತಿತ್ತು, ಒಂದು ರೂಪಾಯಿ ಖರ್ಚಿಲ್ಲದೆ.

ಮೌಸ್ ಹಿಡಿಯಲು ಬಾರದ ಮಗುವಿಗೆ

ಲ್ಯಾಬಿಗೆ ಮೊದಲ ಸಲ ಬಂದ ಮಗು ಮೌಸ್ ಅನ್ನು ಎತ್ತಿ ಗಾಳಿಯಲ್ಲಿ ಆಡಿಸುತ್ತದೆ. ಫೋನ್ ನೋಡಿ ಬೆಳೆದದ್ದು, ಪರದೆಯನ್ನೇ ಒತ್ತುತ್ತದೆ. ಬ್ಲಾಕ್ ಎಳೆಯಲು ಗುಂಡಿ ಒತ್ತಿಹಿಡಿದೇ ಸರಿಸಬೇಕು, ಅದು ಕಷ್ಟ. ಇದಕ್ಕೆ ಕಲಿಕೆಯ ಆಟಗಳಿರುವ ಜಿಕಂಪ್ರಿ ಮತ್ತು ಚಿತ್ರ ಬಿಡಿಸುವ ಟಕ್ಸ್ ಪೇಂಟ್ ಇವೆ, ಎರಡೂ ಉಚಿತ, ನೆಟ್ ಬೇಡ. ಜಿಕಂಪ್ರಿಯಲ್ಲಿ ಪೆಂಗ್ವಿನ್‌ಗೆ ಸೂಚನೆ ಕೊಟ್ಟು ಮೀನಿನ ತನಕ ನಡೆಸುವ ಒಂದು ಪುಟ್ಟ ಕೋಡಿಂಗ್ ಆಟವೂ ಇದೆ. ಸ್ಕ್ರ್ಯಾಚ್‌ಗೆ ಮೊದಲು ಎರಡು ಮೂರು ಪೀರಿಯಡ್ ಇಲ್ಲಿ ಕಳೆದರೆ ಸಮಯ ಹಾಳಲ್ಲ.

ನಿಮ್ಮ ಶಾಲೆ ಯಾವುದು?

ಒಬ್ಬರೋ ಇಬ್ಬರೋ ಶಿಕ್ಷಕರಿರುವ ಕಿರಿಯ ಪ್ರಾಥಮಿಕ ಶಾಲೆ, ಕಂಪ್ಯೂಟರ್ ಇಲ್ಲ: ಅನ್‌ಪ್ಲಗ್ಡ್ ಸಾಕು. ನಲಿ-ಕಲಿಯಲ್ಲಿ ಬೇರೆ ಬೇರೆ ಮಟ್ಟದ ಮಕ್ಕಳು ಗುಂಪಾಗಿ ಕೂತು ಕಾರ್ಡ್ ಹಿಡಿದು ಕಲಿಯುವುದು ನಿಮಗೆ ಹೊಸತಲ್ಲ. 3ನೇ ತರಗತಿಯ ಮಗು ಕಾರ್ಡ್ ಜೋಡಿಸಲಿ, 1ನೇ ತರಗತಿಯದ್ದು ರೋಬೋಟ್ ಆಗಲಿ. ಜಾತ್ರೆಗೆ ಹಣ ಕೂಡಿಸಿದ ಹಾಗೆ ರೋಬೋಟ್‌ಗೆ ಚಂದಾ ಎತ್ತಬೇಡಿ.

ಒಂದೇ ಲ್ಯಾಪ್‌ಟಾಪ್, ಒಂದು ಟಿವಿ ಅಥವಾ ಪ್ರೊಜೆಕ್ಟರ್ ಇರುವ ಶಾಲೆ ಬಹಳ. ಇಲ್ಲಿ ಟೀಚರ್ ಮಾಡಿ ತೋರಿಸುವುದು, ಮಕ್ಕಳು ಚಪ್ಪಾಳೆ ತಟ್ಟುವುದು ಆಗಬಾರದು. ಎಲ್ಲರ ಕೈಗೂ ಸ್ಲೇಟ್ ಕೊಡಿ. ಪರದೆಯ ಮೇಲೆ ಐದಾರು ಬ್ಲಾಕ್ ತೋರಿಸಿ, ಓಡಿಸಬೇಡಿ. "ಬೆಕ್ಕು ಎಲ್ಲಿ ನಿಲ್ಲುತ್ತೆ? ಬರೆಯಿರಿ." ಎಲ್ಲರೂ ಸ್ಲೇಟ್ ಎತ್ತಿದ ಮೇಲೆ ಓಡಿಸಿ. ತಪ್ಪಾದವರು ಮತ್ತೆ ನೋಡಲಿ. ಒಂದು ಯಂತ್ರದಿಂದ 36 ಮಕ್ಕಳಿಗೂ ಸರದಿ ಸಿಕ್ಕಿತು.

ಎಂಟೋ ಹತ್ತೋ ಕಂಪ್ಯೂಟರ್ ಇದ್ದರೆ ಇಡೀ ತರಗತಿಯನ್ನು ಒಟ್ಟಿಗೆ ಒಳಗೆ ತುಂಬಬೇಡಿ. ಅರ್ಧ ಮಕ್ಕಳು ಸ್ಕ್ರ್ಯಾಚ್‌ನಲ್ಲಿ, ಇನ್ನರ್ಧ ಹೊರಗೆ ಕಾಗದದ ಮೇಲೆ ಮುಂದಿನ ಪ್ರಾಜೆಕ್ಟ್ ಬರೆಯುತ್ತಿರಲಿ. ಮುಂದಿನ ವಾರ ಅದಲು ಬದಲು. ಜೋಡಿಯಲ್ಲಿ ಮೌಸ್ ಯಾವಾಗಲೂ ಒಬ್ಬರ ಕೈಯಲ್ಲೇ ಇರುತ್ತದೆ, ಸಾಮಾನ್ಯವಾಗಿ ಗಟ್ಟಿ ದನಿಯವರ ಕೈಯಲ್ಲಿ. ಐದು ನಿಮಿಷಕ್ಕೊಮ್ಮೆ ಚಪ್ಪಾಳೆ ತಟ್ಟಿ ಕೈ ಬದಲಿಸಿ. ಮಲೆನಾಡಿನ ಕಡೆಯ ಶಾಲೆಗಳು ಜೂನ್‌ನಿಂದ ಆಗಸ್ಟ್‌ವರೆಗೆ ಅನ್‌ಪ್ಲಗ್ಡ್, ಮಳೆ ಕಳೆದ ಮೇಲೆ ಲ್ಯಾಬ್ ಅಂತ ವರ್ಷದ ಯೋಜನೆ ಹಾಕಿಕೊಂಡರೆ ಕರೆಂಟಿನ ಜೊತೆ ಜಗಳ ಇರುವುದಿಲ್ಲ.

ಲ್ಯಾಬ್ ಪೂರ್ತಿ ಇದೆ, ಹಣವೂ ಇದೆ ಅನ್ನುವ ಶಾಲೆಗಳು 4ರಲ್ಲಿ ಸ್ಕ್ರ್ಯಾಚ್ ಗಟ್ಟಿ ಮಾಡಿ, 5ರ ಎರಡನೇ ಅರ್ಧಕ್ಕೆ ಮೈಕ್ರೋಬಿಟ್ ತರಬಹುದು. ವರ್ಷಕ್ಕಿಷ್ಟು ಅಂತ ಪ್ರತಿ ಮಗುವಿನ ತಲೆಗೆ ಚಂದಾ ಕೇಳುವ ಕೋರ್ಸ್‌ಗಳಲ್ಲಿ ಹಲವು ಒಳಗೆ ಸ್ಕ್ರ್ಯಾಚ್ ಥರದ ಬ್ಲಾಕ್‌ಗಳನ್ನೇ ಕಲಿಸುತ್ತವೆ. ಆ ಹಣದಲ್ಲಿ ಒಬ್ಬ ಟೀಚರ್‌ಗೆ ಬೇಸಿಗೆ ರಜೆಯಲ್ಲಿ ತರಬೇತಿ ಕೊಡಿಸಿದರೆ ಅದು ಪ್ರತಿ ವರ್ಷ ಉಳಿಯುತ್ತದೆ.

ದಾನಿಗಳು ಬಂದು "ಏನು ಬೇಕು ಹೇಳಿ" ಅಂದರೆ ಚೀಟಿ ಸಿದ್ಧವಾಗಿರಲಿ. ಬಳಸಿದ ಆದರೆ ವಿಂಡೋಸ್ 10 ನಡೆಯುವ ಲ್ಯಾಪ್‌ಟಾಪ್. ಅವುಗಳಿಗೆ ತಂತಿಯ ಮೌಸ್, ಮಕ್ಕಳ ಕೈಗೆ ಹಿಡಿಯುವ ಚಿಕ್ಕವು, ಎರಡು ಹೆಚ್ಚಿಗೆ. ಒಳ್ಳೆ ಎಕ್ಸ್‌ಟೆನ್ಶನ್ ಬೋರ್ಡ್. ಯುಪಿಎಸ್. ಎರಡು ಪೆನ್‌ಡ್ರೈವ್, ಒಂದರಲ್ಲಿ ಮಕ್ಕಳ ಫೈಲು, ಇನ್ನೊಂದರಲ್ಲಿ ಅದರ ನಕಲು. ಕಿಟ್ಟೇ ಕೊಡುತ್ತೇವೆ ಅಂತ ಹಟ ಹಿಡಿದರೆ, ಬಿಲ್ಲಿನ ಹಿಂದೆ ಮೂರು ವಿಷಯ ಬರೆಸಿಕೊಳ್ಳಿ: ನೆಟ್ ಇಲ್ಲದೆ ನಡೆಯುತ್ತದೆ, ಮುಂದಿನ ವರ್ಷ ಲೈಸೆನ್ಸ್ ಹಣ ಕೇಳುವುದಿಲ್ಲ, ಬ್ಯಾಟರಿ ಮತ್ತು ಕೇಬಲ್ ನಮ್ಮ ತಾಲ್ಲೂಕು ಪೇಟೆಯಲ್ಲೇ ಸಿಗುತ್ತದೆ.